ಗಿಳಿಹಸಿರು ಸೀರೆಯೂ ಡಾಕ್ಟರ ಚುಕ್ಕಿ ಪುಸ್ತಕವೂ

ಸೀರೆ ಆರಿಸುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂದು ಬಹಳ ವರ್ಷ ನಂಬಿದ್ದೆ. ಇಂಥ ಒಂದು ಜಂಬವಾದರೂ ಇಲ್ಲದಿದ್ದರೆ ಗಂಡಸರಿಗೆ ಸಂಸಾರ ನಡೆಸುವುದು ಕಷ್ಟ. ನನ್ನ ಹೆಂಡತಿ ನಿಂಗಮ್ಮ ನನ್ನ ಅಕ್ಕನ ಮಗಳೇ. ಚಿಕ್ಕಂದಿನಲ್ಲಿ ಕರೆದಂತೆ ಈಗಲೂ ನನ್ನನ್ನು ಮಾವ ಎನ್ನುತ್ತಾಳೆ. ಮದುವೆಯ ಹೊಸತರಲ್ಲಿ ಅವಳು ಬಾಯಿಬಿಟ್ಟು ಕೇಳಿದ್ದು ಒಂದೇ, ಗಿಳಿಹಸಿರು ಸೀರೆ. ಅಂದಿನಿಂದ ಪ್ರತಿ ಯುಗಾದಿಗೂ ಹಲಗೂರಿನಿಂದ ಬಸ್ಸು ಹತ್ತಿ ಮಳವಳ್ಳಿಗೆ ಹೋಗುತ್ತಿದ್ದೆ. ಮೇಷ್ಟರಾದವನು ಅಂಗಡಿಯವನ ಹತ್ತಿರ ಬಣ್ಣ ಕೇಳುವುದುಂಟೇ? ಗತ್ತಿನಿಂದ ಬೆರಳು ತೋರಿಸಿ, ಅದನ್ನು ಕಟ್ಟಿಕೊಡಿ ಎನ್ನುತ್ತಿದ್ದೆ. ನಿಂಗಮ್ಮ ಬಿಚ್ಚಿ ನೋಡಿ, ಚೆನ್ನಾಗದೆ ಎಂದು ಉಟ್ಟುಕೊಳ್ಳುತ್ತಿದ್ದಳು.

ಎಪ್ಪತ್ತರ ದಶಕದಲ್ಲೊಮ್ಮೆ ಕಣ್ಣಿನ ಸಂಶೋಧನೆ ಮಾಡುವ ಡಾಕ್ಟರೊಬ್ಬರು ನಮ್ಮ ಸ್ಕೂಲಿಗೆ ಬಂದರು. ಅವರ ಪುಸ್ತಕದ ತುಂಬ ಬಣ್ಣದ ಚುಕ್ಕಿಗಳು. ಅವುಗಳ ನಡುವೆ ಅಂಕಿ ಇರುತ್ತದಂತೆ. ಮಕ್ಕಳ ಹೆದರಿಕೆ ಹೋಗಲೆಂದು ಮೊದಲು ನಾನೇ ಕೂತೆ. ಹಿಂದೆ ನಿಂತ ಮಕ್ಕಳೆಲ್ಲ ಅಂಕಿ ಕೂಗಿದರು, ಲೆಕ್ಕದ ಮೇಷ್ಟರಿಗೆ ಮಾತ್ರ ಬರೀ ಚುಕ್ಕಿ. ನನಗೆ ಹಸಿರು, ಕೆಂಪು ಬೇರೆಬೇರೆಯಾಗಿ ಕಾಣುವುದಿಲ್ಲ, ಇದು ತಾಯಿಯ ಕಡೆಯಿಂದ ಬರುವಂಥದ್ದು ಎಂದು ಡಾಕ್ಟರು ವಿವರಿಸಿ, ಖುಷಿಯಾಗಿ ನಮ್ಮ ವಂಶದ ನಕ್ಷೆ ಬರೆಯಲು ಕೂತರು. ಗಂಡನಾಗಿ ಒಂದು ಕಡೆ, ಸೋದರಮಾವನಾಗಿ ಇನ್ನೊಂದು ಕಡೆ ನಾನೇ ಬರುತ್ತಿದ್ದೆ. ಪಾಪ, ಎರಡು ಹಾಳೆ ದಂಡವಾದವು. ಇದಕ್ಕೆ ಔಷಧಿ ಉಂಟೇ ಎಂದೆ. ಸಂಶೋಧನೆ ಇನ್ನೂ ಅಲ್ಲಿಗೆ ಬಂದಿಲ್ಲ ಎಂದರು.

ಮನೆಗೆ ಬಂದವನೇ ಸೀರೆ ಪೆಟ್ಟಿಗೆ ತೆಗೆದು, ಇವು ಯಾವ ಬಣ್ಣ ಎಂದು ನಿಂಗಮ್ಮನನ್ನು ಕೇಳಿದೆ. ಎಲ್ಲಾ ಇಟ್ಟಿಗೆ ಬಣ್ಣ ಎಂದಳು. ಅವಳ ಅಣ್ಣನೂ ಹೀಗೇ ತರುತ್ತಿದ್ದನಂತೆ.

"ಮತ್ತೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನಿನ್ ಮೊಕ ಸಣ್ಣಗಾಯ್ತಿತ್ತು ಮಾವ."

ಆ ಯುಗಾದಿಗೆ ಜಂಬ ಬಿಟ್ಟು, ಗಿಳಿಹಸಿರು ಕೊಡಿ ಎಂದು ಬಾಯಲ್ಲೇ ಕೇಳಿ ತಂದೆ. ನಿಂಗಮ್ಮ ಅದನ್ನು ಬಹಳ ಹೊತ್ತು ಸವರಿ, ಮಡಿಸಿ, ಪೆಟ್ಟಿಗೆಯಲ್ಲಿಟ್ಟಳು. "ಇದು ಅಂಗ್ಡಿಯವ ಆರ್ಸಿದ್ದು. ನೀನು ಆರ್ಸಿದ್ದೇ ಉಟ್ಕತೀನಿ ಬುಡು" ಎಂದು ಇಟ್ಟಿಗೆ ಬಣ್ಣದ್ದನ್ನೇ ಉಟ್ಟಳು.

ಈಗಲೂ ಅದನ್ನೇ ಉಟ್ಟು ಗದ್ದೆಗೆ ಹೋಗುತ್ತಾಳೆ. ಊರವರೆಲ್ಲ ಹೊಗಳುವ ಪೈರಿನ ಹಸಿರನ್ನು ಒಂದೇ ಒಂದು ಸಲ ನೋಡಬೇಕೆಂದು ನನಗೆ ಬಹಳ ಆಸೆ. ನನ್ನ ಕಣ್ಣಿಗೆ ಪೈರೂ ಅವಳ ಸೀರೆಯೂ ಒಂದೇ ಬಣ್ಣ. ಅವಳು ನಡುಗದ್ದೆಯಲ್ಲಿ ಬಗ್ಗಿದರೆ ಎಲ್ಲಿದ್ದಾಳೋ ತಿಳಿಯದೆ ಬದುವಿನಲ್ಲಿ ನಿಂತು ನಿಂಗೀ, ನಿಂಗೀ ಎಂದು ಕೂಗುತ್ತೇನೆ. ಮೇಷ್ಟರಿಗೆ ಹೆಂಡತಿಯನ್ನು ಒಂದು ಗಳಿಗೆ ಬಿಟ್ಟಿರಲಾಗದು ಎಂದು ಜನ ನಗುತ್ತಾರೆ. ನಾನು ಕಣ್ಣಿನ ವಿಷಯ ಹೇಳಲು ಹೋಗುವುದಿಲ್ಲ. ಅವರು ಹೇಳುವುದೂ ಸುಳ್ಳಲ್ಲವಲ್ಲ.