ಟಪಾಲಿನಲ್ಲಿ ಬಾರದ ಪತ್ರ

ಸಹೋದ್ಯೋಗಿಯ ಗುಟ್ಟನ್ನು ಹೀಗೆ ಬೀದಿಗೆ ತರುವುದು ಸರಿಯಲ್ಲ. ಕತೆ ಹೇಳುವ ಅಭ್ಯಾಸವೂ ನನಗಿಲ್ಲ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ನಮ್ಮ ಕಚೇರಿಯ ಟಪಾಲು ಗುಮಾಸ್ತ ಮೂರು ವರ್ಷ ಕದ್ದು ಓದಿ ಆಡಳಿತ ಸೇವೆಯ ಲಿಖಿತ ಪರೀಕ್ಷೆ ಪಾಸಾಗಿದ್ದ. ಸಂದರ್ಶನವೊಂದು ಬಾಕಿ. ವಯಸ್ಸಿನ ಲೆಕ್ಕದಲ್ಲಿ ಇದೇ ಕೊನೆಯ ಅವಕಾಶ. ಹೆಂಡತಿ ಆಗಲೇ ಸರ್ಕಾರಿ ಜೀಪಿನ ಮುಂದಿನ ಸೀಟನ್ನು ತನಗೆಂದು ಹಿಡಿದಿಟ್ಟಿದ್ದಳು.

ಅಂದು ಬೆಳಿಗ್ಗೆ ಟಪಾಲು ಒಡೆದರೆ ಮೊದಲ ಲಕೋಟೆಯೇ ಪರೀಕ್ಷೆ ನಡೆಸಿದವರದು, ಒಳಗೆ ಅವನ ಹೆಸರು! ‘ಪತ್ರ ಸಂಖ್ಯೆ ೪೧೭. ನಿಮ್ಮ ಈ ನೌಕರರನ್ನು ಸಂದರ್ಶನಕ್ಕೆ ಕರೆಯಲು ಆಕ್ಷೇಪಣೆ ಇದೆಯೇ?’ ಅಷ್ಟು ಓದಿದವನು ಮುಂದಿನ ಸಾಲಿಗೆ ಹೋಗಲೇ ಇಲ್ಲ. ಹಿಂದೆ ಇದೇ ಪರೀಕ್ಷೆಗೆ ಅನುಮತಿ ಕೇಳಿದವನೊಬ್ಬ ಸೂಪರಿಂಟೆಂಡೆಂಟ್ ಮೇಡಂ ಕೈಯಿಂದ ನೇರ ನೆಲಮಾಳಿಗೆಯ ದಾಖಲೆ ಕೋಣೆಗೆ ಹೋಗಿದ್ದ. ಈಗಲೂ ಬೆಳಕು ಕಂಡರೆ ಸೀನುತ್ತಾನೆ.

‘ಉತ್ತರ ಹೋಗದಿದ್ದರೆ ಆಕ್ಷೇಪಣೆ ಇಲ್ಲ ಅಂತಲೇ ಅರ್ಥ. ಮೌನಂ ಸಮ್ಮತಿ ಲಕ್ಷಣಂ’ ಎಂದುಕೊಂಡು ಗುಮಾಸ್ತ ಪತ್ರವನ್ನು ರಿಜಿಸ್ಟರಿಗೆ ಏರಿಸದೆ ಶೂ ಒಳಗೆ ತುರುಕಿದ.

“ಯಾಕೋ ತಮ್ಮಾ, ಕುಂಟ್ತಿದೀಯ?” ಟೈಪಿಸ್ಟ್ ಅಕ್ಕ ಕೇಳಿದರು.

“ಕಾಲಲ್ಲಿ ಆಣಿ, ಅಕ್ಕಾ.”

“ಬಿಚ್ಚು ಶೂ. ನನ್ಹತ್ರ ಮುಲಾಮಿದೆ.”

“ಬೇಡಕ್ಕಾ, ವಾಸನೆ!”

“ಮೂರು ಮಕ್ಕಳನ್ನ ಸಾಕಿದೋಳು ಕಣೋ ನಾನು, ನಿನ್ನ ಕಾಲಿಗೆ ಹೆದರ್ತೀನಾ?” ಎಂದು ಅಕ್ಕ ಲೇಸಿಗೇ ಕೈ ಹಾಕಿದರು.

ಅವನು ಬಾಲ ತುಳಿಸಿಕೊಂಡ ಬೆಕ್ಕಿನಂತೆ ಹಾರಿ, ಶೌಚಾಲಯ ಸೇರಿ, ಚಿಲಕ ಜಡಿದು, ಪತ್ರವನ್ನು ಚೂರುಚೂರು ಮಾಡಿ ನೀರು ಬಿಟ್ಟ. ಎಲ್ಲ ಹೋಯಿತು. ಅವನ ಹೆಸರಿದ್ದ ಚೂರು ಮಾತ್ರ ಮೂರು ಸಲ ನೀರು ಬಿಟ್ಟರೂ ತೇಲುತ್ತಲೇ ಇತ್ತು. ನಾಲ್ಕನೆಯ ಸಲಕ್ಕೆ ಮುಳುಗಿತು.

ಬಾಗಿಲು ತೆಗೆದರೆ ಎದುರಿಗೆ ಅಕ್ಕ. “ಮೇಡಂ ಕರೀತಿದಾರೆ.”

ಮೇಡಂ ಕನ್ನಡಕದ ಮೇಲಿಂದ ನೋಡಿದರು. “ನಿಮ್ಮ ಸಂದರ್ಶನದ ಪತ್ರ ಬಂತೇನ್ರೀ?”

“ಇ... ಇಲ್ಲ ಮೇಡಂ.”

“ಛೆ! ಪೇಪರಲ್ಲಿ ನಿಮ್ಮ ಹೆಸರು ನೋಡಿದ ದಿನವೇ ಆಕ್ಷೇಪಣೆ ಇಲ್ಲ ಅಂತ ಟೈಪ್ ಮಾಡಿಸಿ ಸಹಿ ಹಾಕಿಟ್ಟಿದೀನಿ. ಅವರ ಪತ್ರದ ನಂಬರ್ ತುಂಬೋದೊಂದೇ ಬಾಕಿ, ಅದಿಲ್ಲದೆ ಅವರು ತಗೊಳ್ಳೋಲ್ಲ. ಇವತ್ತು ಐದರೊಳಗೆ ಉತ್ತರ ತಲುಪದಿದ್ರೆ ಹೆಸರು ಕೈಬಿಡ್ತಾರಂತೆ. ಫೋನ್ ಮಾಡಿದ್ರೆ ಅಲ್ಲಿ ಎತ್ತೋರಿಲ್ಲ.”

“ಮತ್ತೆ... ಆ ದಾಖಲೆ ಕೋಣೆಯವನು?”

“ಅವನಾ? ಓದೋಕೆ ನಿಶ್ಶಬ್ದ ಬೇಕು ಅಂತ ತಾನೇ ಕೇಳ್ಕೊಂಡು ಹೋದ.”

ನಾನ್ನೂರ ಹದಿನೇಳು ಎಂಬುದು ಅವನ ನಾಲಿಗೆಯ ತುದಿಯಲ್ಲೇ ಇತ್ತು. ಹೇಳಿದರೆ ಸಂದರ್ಶನ ಉಳಿಯುತ್ತದೆ; ಸರ್ಕಾರಿ ಪತ್ರ ಹರಿದವನೆಂದು ಇರುವ ನೌಕರಿ ಹೋಗುತ್ತದೆ. ಮಧ್ಯಾಹ್ನವೆಲ್ಲ ಗಡಿಯಾರ ನೋಡುತ್ತ ಉಗುಳು ನುಂಗಿದ. ಐದು ಹೊಡೆದಾಗ ಉಗುಳಿನ ಜೊತೆ ಆ ನಂಬರೂ ಹೊಟ್ಟೆ ಸೇರಿತ್ತು.

ಈಗಲೂ ಅವನು ಅದೇ ಕಿಟಕಿಯ ಪಕ್ಕ ಕೂತು ಟಪಾಲು ಒಡೆಯುತ್ತಾನೆ. ನಿಜ ಹೇಳಿದ್ದರೆ ಮೇಡಂ ಬಯ್ಯುತ್ತಿದ್ದರೋ, ನಕ್ಕು ನಂಬರ್ ತುಂಬಿಕೊಳ್ಳುತ್ತಿದ್ದರೋ, ನನಗೆ ಗೊತ್ತಿಲ್ಲ.