ನಾನು ಕಾಡು ಕಾಯ್ದ ಬೇಸಿಗೆ

ಇದನ್ನು ಬರೆಯಲು ಕೂತದ್ದು ಇದು ನಾಲ್ಕನೇ ಸಲ. ಮೊದಲನೇ ಸಲ ಮಗನಿಗೆ ಬಾಯಾರಿಕೆ. ಎರಡನೇ ಸಲ ಕುಡಿದ ನೀರು ಹೊರಗೆ ಬರಬೇಕಿತ್ತು. ಮೂರನೇ ಸಲ ಗಂಡ ಆಫೀಸ್ ಮೀಟಿಂಗ್ ಮ್ಯೂಟ್ ಮಾಡಿ ಬಂದು, "ಏನ್ ಬರೀತಿದೀಯ? ನನ್ ಬಗ್ಗೆನಾ?" ಎಂದರು. ಇರಲಿಲ್ಲ. ಈಗ ಖಂಡಿತ ಬರೆಯುತ್ತೇನೆ.

ಕಾಡಿನಲ್ಲಾದರೂ ನೆಮ್ಮದಿ ಇತ್ತೇ ಎಂದರೆ ಅದೂ ಇಲ್ಲ. ಜನ ಇರುವ ಕಡೆ ನಗು ನಡೆದು ಬರುತ್ತದೆ. ಯೂನಿಫಾರ್ಮ್ ಹಾಕಿಕೊಂಡು ನಿಂತರೆ ಓಡಿ ಬರುತ್ತದೆ. ಹೋದ ಬೇಸಿಗೆಯಿಡೀ ನನ್ನ ಕಡೆಗೆ ಓಡಿ ಬಂದಿತು.

ನಾವಿರುವುದು ಲೊಂಬಾರ್ಡ್ ಎಂಬ ಊರಿನಲ್ಲಿ. ಪಕ್ಕದ ಊರು ಲಿಸ್ಲ್ ದಾಟಿ ಸ್ವಲ್ಪ ಡ್ರೈವ್ ಮಾಡಿದರೆ ಕೌಂಟಿ ಸರ್ಕಾರದ ದೊಡ್ಡ ಕಾಡು, ನಡುವೆ ಒಂದು ಕೆರೆ. ಆನೆ ಹುಲಿ ಇಲ್ಲ. ಜಿಂಕೆ ಇವೆ, ನರಿಯಂಥ ಕಾಯೋಟಿ ಇವೆ, ಅವೆರಡನ್ನೂ ಎತ್ತಿಕೊಂಡು ಹೋಗಬಲ್ಲ ಸೊಳ್ಳೆಗಳಿವೆ. ನನಗೆ ಕೆಲಸದ ಪರ್ಮಿಟ್ ಬಂದ ತಿಂಗಳೇ ಅಲ್ಲಿ ರೇಂಜರ್ ಇಂಟರ್ನ್ ಬೇಕೆಂದು ನೋಡಿ ಅಪ್ಲೈ ಮಾಡಿದೆ. ಮೈಸೂರಿನಿಂದ ಆರು ತಿಂಗಳಿಗೆಂದು ಬಂದಿದ್ದ ಅತ್ತೆ, "ಹೋಗು, ಮಗೂನ ನಾನ್ ನೋಡ್ಕೋತೀನಿ" ಎಂದರು. ಗಂಡ, "ಟೈಮ್‌ಪಾಸ್‌ಗೆ ಚೆನ್ನಾಗಿರತ್ತೆ" ಎಂದರು. ಆ ಒಂದು ಮಾತಿಗೇ ನಾನು ಆ ಕೆಲಸವನ್ನು ಬಿಡಬಾರದೆಂದು ನಿಶ್ಚಯಿಸಿದೆ.

ನಾಲ್ವರು ಇಂಟರ್ನ್‌ಗಳು. ಬೇಸಿಗೆ ಮುಗಿದ ಮೇಲೆ ಒಬ್ಬರನ್ನು ಮಾತ್ರ ಕಾಯಂ ಇಟ್ಟುಕೊಳ್ಳುತ್ತೇವೆ ಎಂದು ಮೊದಲ ದಿನವೇ ಹೇಳಿಬಿಟ್ಟರು. ಉಳಿದ ಮೂವರು ಕಾಲೇಜಿನಲ್ಲಿ ಕಾಡನ್ನೇ ಓದಿದವರು. ನಾನು ಹತ್ತನೇ ಕ್ಲಾಸು, ಅದೂ ವಿಜ್ಞಾನದಲ್ಲಿ ದಡ ಮುಟ್ಟಿದ್ದು ದೇವರ ದಯೆ.

ಮೂವತ್ತು ಪೌಂಡ್

ಇಂಟರ್ವ್ಯೂ ಮಾಡಿದವರು ಹಿರಿಯ ರೇಂಜರ್. ಐವತ್ತು ದಾಟಿದ ಹೆಂಗಸು, ಮುಖದಲ್ಲಿ ನಗು ಹುಡುಕಲು ದುರ್ಬೀನು ಬೇಕು. ನಾನು ಅವರನ್ನು ಮೇಡಂ ಎನ್ನುತ್ತಿದ್ದೆ. ನನ್ನ ಓದಿನ ಕಾಲಂ ನೋಡಿದರು. ಪುಟ ತಿರುಗಿಸಿ, "ಮೂವತ್ತು ಪೌಂಡ್ ಬ್ಯಾಗ್ ಹೊತ್ತು ಐದು ಮೈಲಿ ನಡೀಬೇಕಾಗತ್ತೆ. ಆಗತ್ತಾ?" ಎಂದರು.

"ನನ್ ಮಗ ಮೂವತ್ನಾಲ್ಕು ಪೌಂಡ್ ಇದಾನೆ. ಅಂಗಡಿಗೆ ಹೋದ್ರೆ ಸೊಂಟದ ಮೇಲೇ ಇರ್ತಾನೆ."

"ಬ್ಯಾಗ್ ಬೇರೆ, ಮಗು ಬೇರೆ."

"ಹೌದು ಮೇಡಂ. ನಿಮ್ ಬ್ಯಾಗ್ ಕೂದಲು ಎಳೆಯಲ್ಲ."

ಸೋಮವಾರದಿಂದ ಬರಲು ಹೇಳಿದರು.

ಸೀರೆಯ ಕೆಳಗೆ

ಅಲ್ಲಿ ಒಲೆ ಹಚ್ಚಬೇಕಾದರೆ ಕಬ್ಬಿಣದ ಗ್ರಿಲ್ ಇಟ್ಟಿರುವ ಜಾಗದಲ್ಲೇ ಹಚ್ಚಬೇಕು. ಮನೆಯಿಂದ ಗ್ಯಾಸ್ ಸ್ಟವ್ ತರುವ ಹಾಗಿಲ್ಲ. ಒಂದು ಶನಿವಾರ ದೊಡ್ಡ ಓಕ್ ಮರದ ಕೆಳಗಿನಿಂದ ಇಂಗು, ಸಾಸಿವೆ, ಕರಿಬೇವಿನ ವಾಸನೆ ಬಂತು. ನನ್ನ ಪುಣ್ಯಕ್ಕೆ ಆ ದಿನ ಹೊಟ್ಟೆಯೂ ಖಾಲಿ ಇತ್ತು.

ಹೋಗಿ ನೋಡಿದರೆ ನಮ್ಮವರೇ, ಹತ್ತು ಹದಿನೈದು ಜನ, ಯಾರೂ ಪರಿಚಯವಿಲ್ಲ. ನಾನು ಅಗಲವಾದ ಟೋಪಿ, ಕಪ್ಪು ಕನ್ನಡಕ ಹಾಕಿಕೊಂಡು ಇಂಗ್ಲಿಷಿನಲ್ಲಿ, "ಇಲ್ಲಿ ಯಾರಾದರೂ ಸ್ಟವ್ ಹಚ್ಚಿದ್ದೀರಾ?" ಎಂದೆ.

ಟೀ ಶರ್ಟಿನ ಗಂಡಸು ನನಗೆ ಹಲ್ಲು ತೋರಿಸುತ್ತಲೇ ಕನ್ನಡದಲ್ಲಿ, "ಆಂಟಿ, ಬೇಗ ಸೀರೆ ಹರಡ್ಕೊಂಡು ಅದರ ಮುಂದೆ ಕೂತ್ಕೊಳಿ. ಇವಳು ಹೋಗ್ತಾಳೆ" ಎಂದ.

"ಕಾದಿದೆ ಕಣೋ!"

"ಎರಡು ನಿಮಿಷ ಆಂಟಿ! ಯಾರಾದ್ರೂ ಇವಳ ಕೈಗೆ ಒಂದು ಪ್ಲೇಟ್ ಚಿತ್ರಾನ್ನ ಕೊಡ್ರೋ, ಬಾಯಿ ಮುಚ್ಕೊಂಡು ಹೋಗ್ತಾಳೆ."

ಪ್ಲೇಟ್ ಬಂತು. ನಾನು ಒಂದು ತುತ್ತು ಬಾಯಿಗಿಟ್ಟು, ನಿಧಾನವಾಗಿ ಅಗಿದು, ಕನ್ನಡದಲ್ಲಿ, "ಆಂಟಿ, ಎದ್ದು ಈ ಕಡೆ ಬನ್ನಿ. ಒಗ್ಗರಣೆಗೆ ಸೀರೆ ಹಾಕೋ ಪದ್ಧತಿ ನಮ್ಮಲ್ಲಿಲ್ಲ" ಎಂದೆ.

ಆ ಮರದ ಮೇಲಿನ ಅಳಿಲು ಕೂಡ ಅಲ್ಲಾಡಲಿಲ್ಲ. ಸ್ಟವ್ ಆರಿತು. ಟೀ ಶರ್ಟಿನವನು ಕೂಲರ್ ಒಳಗೆ ತಲೆಯಿಟ್ಟು ಐಸ್ ಹುಡುಕುತ್ತಿದ್ದ. ಆಂಟಿ ಮಾತ್ರ ಧೈರ್ಯಸ್ಥೆ. "ಉಪ್ಪು ಸರಿಯಾಗಿದೆಯಾ?" ಎಂದು ಕೇಳಿದರು.

ದಿಕ್ಕು

ಒಂದು ಭಾನುವಾರ ನಾವು ನಾಲ್ವರು ಇಂಟರ್ನ್‌ಗಳು ಬಿದ್ದ ಮರಗಳನ್ನು ಎಣಿಸಲು ಒಳಗೆ ಹೋದೆವು. ಮುಂದಾಳು ಎಂದರೆ ಎರಡು ಡಿಗ್ರಿ ಮಾಡಿದ ಹುಡುಗಿ. ಪ್ರತಿ ಗಿಡವನ್ನೂ ಅದರ ಲ್ಯಾಟಿನ್ ಹೆಸರಿನಿಂದಲೇ ಮಾತನಾಡಿಸುತ್ತಿದ್ದಳು. ಮೂರು ಗಂಟೆ ಸುತ್ತಿದ ಮೇಲೆ ಅವಳ ಫೋನ್ ಸತ್ತಿತು. ಉಳಿದವರ ಫೋನಿಗೆ ಸಿಗ್ನಲ್ ಇಲ್ಲ. ದಿಕ್ಸೂಚಿ ಜೀಪಿನಲ್ಲಿ. ಮೋಡ ಮುಚ್ಚಿ ಸೂರ್ಯನೂ ರಜೆ.

ಅವಳು ಮರದ ಪಾಚಿ ಮುಟ್ಟಿ ನೋಡಿ, "ಉತ್ತರ ಈ ಕಡೆ" ಎಂದಳು. ಇನ್ನೊಬ್ಬ ಬೇರೆ ಮರದ ಪಾಚಿ ಮುಟ್ಟಿ, "ಇಲ್ಲ, ಆ ಕಡೆ" ಎಂದ. ನಾನು ಮೂಗು ಮೇಲೆ ಮಾಡಿ ನಿಂತೆ. ಆಮೇಲೆ ನಡೆಯತೊಡಗಿದೆ. ಬೇರೆ ದಾರಿ ಇಲ್ಲದೆ ಮೂವರೂ ಹಿಂದೆ ಬಂದರು. ಇಪ್ಪತ್ತು ನಿಮಿಷಕ್ಕೆ ಪಾರ್ಕಿಂಗ್ ಬಂತು. ಅಲ್ಲಿ ಭಾನುವಾರದ ಗ್ರಿಲ್‌ಗಳ ಮೇಲೆ ಏನೇನೋ ಸುಡುತ್ತಿದ್ದವು.

ಮೇಡಂ ನನ್ನ ವರದಿಯಲ್ಲಿ, ದಾರಿ ಕಂಡುಹಿಡಿಯುವ ಕಲೆ ಅತ್ಯುತ್ತಮ, ಎಂದು ಬರೆದರು. "ಎಲ್ಲಿ ಕಲಿತೆ?" ಎಂದೂ ಕೇಳಿದರು.

ಹುಟ್ಟಿನಿಂದ ಮಾಂಸ ಮುಟ್ಟದ ಪುಳಿಚಾರಿಗೆ ಅದರ ವಾಸನೆ ಅರ್ಧ ಮೈಲಿಯಿಂದ ಹೊಡೆಯುತ್ತದೆ ಎಂದು ಹೇಳಲಿಲ್ಲ. "ಮನೆತನದಿಂದ ಬಂದದ್ದು" ಎಂದೆ.

ಕಳೆದುಹೋದ ಅಂಕಲ್

ಡೆಟ್ರಾಯಿಟ್ ಕಡೆಯಿಂದ ನೆಂಟರ ಮನೆಗೆ ಬಂದಿದ್ದ ಒಬ್ಬರು ಕಾಡು ನೋಡಲು ಬಂದು ಕಳೆದುಹೋದರು. ಫೋನ್ ಬಂತು, ನಾನೇ ಎತ್ತಿಕೊಂಡೆ. ಮಾತಿನ ಧಾಟಿ ಕೇಳಿ ಕನ್ನಡಕ್ಕೆ ಇಳಿದೆ.

"ಅಂಕಲ್, ಎದುರಿಗೆ ಏನ್ ಕಾಣ್ತಿದೆ?"

"ಮರ."

"ಪಕ್ಕದಲ್ಲಿ?"

"ಇನ್ನೊಂದ್ ಮರ."

"ಹಿಂದೆ ತಿರುಗಿ ನೋಡಿ ಅಂಕಲ್."

"ಹಿಂದೆ ಯಾಕಮ್ಮ? ನಾನು ಮುಂದೆ ಹೋಗಬೇಕಾಗಿರೋದು."

ಹುಡುಕಲು ನಮ್ಮ ಆಫೀಸಿನಲ್ಲಿ ಕಾಯುತ್ತಿದ್ದ ಅವರ ಹೆಂಡತಿಯನ್ನೂ ಜೊತೆಗೆ ಕರೆದುಕೊಂಡು ಹೊರಟೆ. ಹತ್ತು ಹೆಜ್ಜೆಗೇ ಸಿಕ್ಕರು. ತಮ್ಮದೇ ಕಾರಿಗೆ ಬೆನ್ನು ಹಾಕಿ, ಕಾಡಿಗೆ ಮುಖ ಮಾಡಿ ನಿಂತಿದ್ದರು. ಹೆಂಡತಿಗೆ ಆಶ್ಚರ್ಯವೇ ಆಗಲಿಲ್ಲ. "ಮನೇಲೂ ಇಷ್ಟೇ. ಉಪ್ಪಿನ ಡಬ್ಬಿ ಕೈಯಲ್ಲಿ ಹಿಡ್ಕೊಂಡು ಉಪ್ಪೆಲ್ಲಿ ಅಂತ ಕೇಳ್ತಾರೆ" ಎಂದರು.

ತಳ್ಳುಗಾಡಿಯಲ್ಲಿ ಬಂದವನು

ಇಲ್ಲಿನ ಬೇಸಿಗೆ ಮುಗಿಯುವ ಲೇಬರ್ ಡೇ ರಜೆಯ ವಾರಾಂತ್ಯ ನನ್ನ ಕೊನೆಯ ಪರೀಕ್ಷೆ. ದಿನವಿಡೀ ಕೆರೆಯ ಸುತ್ತ ಗಸ್ತು ನನ್ನದು, ಹಿಂದೆ ಮೇಡಂ ಮತ್ತು ಅವರ ನೋಟ್‌ಬುಕ್ಕು. ಅಂದು ನಾನು ಮಾಡುವುದನ್ನು ನೋಡಿ ಕಾಯಂ ಕೆಲಸ ಯಾರಿಗೆ ಎಂದು ತೀರ್ಮಾನ. ಮಧ್ಯಾಹ್ನದವರೆಗೆ ಒಂದು ತಪ್ಪಿಲ್ಲ. ನಾಯಿ ಬಿಟ್ಟವರಿಗೆ ಹೇಳಿ ಕಟ್ಟಿಸಿದೆ, ಹೂವು ಕಿತ್ತವರಿಗೆ ಎಚ್ಚರಿಕೆ ಚೀಟಿ ಬರೆದೆ.

ಮೂರು ಗಂಟೆಗೆ ಕೆರೆಯ ದಂಡೆಯ ಕಡೆ ಒಂದು ಮಗುವಿನ ತಳ್ಳುಗಾಡಿ ಬರುತ್ತಿತ್ತು. ತಳ್ಳುತ್ತಿದ್ದವರು ನನ್ನ ಗಂಡ. ಪಕ್ಕದಲ್ಲಿ ರೇಷ್ಮೆ ಸೀರೆ ಉಟ್ಟು, ಕಾಲಿಗೆ ಶೂ ಹಾಕಿದ ಅತ್ತೆ. ಅವರ ಕೈ ಹಿಡಿದು ನನ್ನ ಮಗ ನಡೆದುಕೊಂಡು ಬರುತ್ತಿದ್ದ. ಮಗ ನಡೆಯುತ್ತಿದ್ದರೆ ಗಾಡಿಯಲ್ಲಿ ಡೈನೋಸಾರ್ ಹೊದಿಕೆ ಹೊದ್ದು ಮಲಗಿರುವುದು ಯಾರು ಎಂದು ಯೋಚಿಸುವಷ್ಟರಲ್ಲಿ ಗೊತ್ತಾಯಿತು. ಹಬ್ಬದ ದಿನ ಅತ್ತೆ ತಮ್ಮ ಕೈಯಾರೆ ಮಣ್ಣಿನಲ್ಲಿ ಮಾಡಿದ ಗಣಪತಿ. ಐದನೇ ದಿನಕ್ಕೆ ನೀರಿಗೆ ಬಿಡಬೇಕೆಂದು ಅವರು ಬೆಳಿಗ್ಗೆಯೇ ಹೇಳಿದ್ದರು. ಬಕೆಟ್ಟಿಗೆ ಬಿಡೋಣ ಎಂದು ನಾನು ಹೇಳಿ ಬಂದಿದ್ದೆ.

ಮೇಡಂ ಆ ಬೇಸಿಗೆಯಲ್ಲಿ ಮೊದಲ ಸಲ ನಕ್ಕರು. "ಅಯ್ಯೋ, ಮಲಗಿದಾನಾ ಪುಟ್ಟ?" ಎಂದು ಬಗ್ಗಿ ಹೊದಿಕೆ ಸರಿಸಿದರು. ಸೊಂಡಿಲು ಹೊರಗೆ ಬಂತು.

ನಗು ಎಲ್ಲಿಂದ ಬಂದಿತ್ತೋ ಅಲ್ಲಿಗೇ ಹೋಯಿತು. "ಇವರು ಯಾರು?" ಎಂದು ನನ್ನನ್ನು ಕೇಳಿದರು.

"ತಳ್ಳುತ್ತಿರೋದು ನನ್ ಗಂಡ. ಪಕ್ಕದಲ್ಲಿ ನನ್ ಅತ್ತೆ. ಮಲಗಿರೋದು ನಮ್ ದೇವರು."

"ಒನ್ಲಿ ಒನ್ ಡಿಪ್" ಎಂದರು ಅತ್ತೆ, ತಮ್ಮ ಇಂಗ್ಲಿಷಿನಲ್ಲಿ. "ಟೂ ಮಿನಿಟ್ಸ್."

ಮೇಡಂ ನೋಟ್‌ಬುಕ್ ತೆರೆದು ನನ್ನನ್ನೇ ನೋಡುತ್ತಾ ನಿಂತರು. ಕೆರೆಗೆ ಏನನ್ನೂ ಬಿಡುವ ಹಾಗಿಲ್ಲ ಎಂಬ ಬೋರ್ಡು ನಮ್ಮ ಪಕ್ಕದಲ್ಲೇ ಇತ್ತು. ಅದಕ್ಕೆ ಬಣ್ಣ ಬಳಿದವಳೂ ನಾನೇ.

ಒಂದು ಕಡೆ ಕೆಲಸ, ಒಂದು ಕಡೆ ಅತ್ತೆ. ಅತ್ತೆಯ ಹಿಂದೆ ಮುಕ್ಕೋಟಿ ದೇವರು. ನಾನು ಜೇಬಿನಿಂದ ಚೀಟಿ ಪುಸ್ತಕ ತೆಗೆದೆ.

"ಏನೇ, ನಮಗೇನೇ?" ಎಂದರು ಗಂಡ.

"ಸಾರ್, ದಯವಿಟ್ಟು ದಂಡೆಯಿಂದ ಹಿಂದೆ ಸರೀರಿ."

"ಸಾರಾ?"

"ಸುಮ್ನಿರೋ, ಅವಳು ಡ್ಯೂಟಿ ಮೇಲಿದಾಳೆ" ಎಂದು ಅತ್ತೆ ತಮ್ಮ ಮಗನನ್ನು ಗದರಿದರು. ಆಮೇಲೆ ನನಗೆ, "ಬರಿ. ನನ್ ಹೆಸರು ಪೂರ್ತಿ ಬರಿ. ಮಾವನ ಹೆಸರೂ ಸೇರಿಸು" ಎಂದರು.

ಬರೆದು ಹರಿದು ಕೊಟ್ಟೆ. ಅತ್ತೆ ಚೀಟಿಯನ್ನು ಕಣ್ಣಿಗೊತ್ತಿಕೊಂಡು, ಗಣಪತಿಯ ಪಾದದ ಹತ್ತಿರ ಗರಿಕೆಯ ಜೊತೆಗಿಟ್ಟು, ಹೊದಿಕೆ ಹೊದಿಸಿ, ಮೆರವಣಿಗೆಯನ್ನು ವಾಪಸು ತಿರುಗಿಸಿದರು.

ಮೇಡಂ ಆ ಗಾಡಿ ಹೋದ ದಾರಿಯನ್ನು ನೋಡಿದರು. "ಇಷ್ಟು ವರ್ಷದ ಸರ್ವಿಸ್‌ನಲ್ಲಿ ಅತ್ತೆಗೆ ಚೀಟಿ ಬರೆದವರನ್ನ ನೋಡಿಲ್ಲ" ಎಂದರು. "ನನಗೂ ಒಬ್ಬರಿದ್ದರು. ನನ್ ಕೈಲಿ ಆಗಿರಲಿಲ್ಲ." ನೋಟ್‌ಬುಕ್ ಮುಚ್ಚಿ, "ಮುಂದಿನ ವಾರದಿಂದ ಕಾಯಂ ಬಾ" ಎಂದರು.

ಸಂಜೆ ಮನೆಗೆ ಬರುವಷ್ಟರಲ್ಲಿ ಅತ್ತೆ ಬಾಲ್ಕನಿಯಲ್ಲಿ ಬಕೆಟ್ಟಿಗೆ ಅರಿಶಿನ ಕುಂಕುಮ ಹಚ್ಚಿ ಕಾಯುತ್ತಿದ್ದರು. ಕೆಲಸ ಸಿಕ್ಕಿತು ಎಂದೆ, ಗೆದ್ದವಳ ಗತ್ತಿನಲ್ಲೇ ಎಂದೆ. ಬೈಗುಳಕ್ಕೆ ಒಂದು ಡಜನ್ ಉತ್ತರಗಳನ್ನು ದಾರಿಯಲ್ಲೇ ತಯಾರು ಮಾಡಿಕೊಂಡು ಬಂದಿದ್ದೆ. ಅತ್ತೆ ಬೈಯಲಿಲ್ಲ. ಗಣಪತಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ನನ್ನ ಕಡೆ ತಿರುಗಿದರು. 

"ಈ ಕೆಲಸ ನಿನಗೇ ಸಿಗಲಿ ಅಂತ ಇವನಿಗೆ ಇಪ್ಪತ್ತೊಂದು ಕಡುಬು ಹರಕೆ ಹೊತ್ತಿದ್ದೆ" ಎಂದರು ಅತ್ತೆ. "ಇವನು ಕೆರೆವರೆಗೂ ಬಂದ, ನಿನ್ನ ಕೈಲಿ ಚೀಟಿ ಬರೆಸ್ಕೊಂಡ, ಕೆಲಸ ಆಯ್ತು. ಈಗ ನೀನೇ ಹೇಳು, ಇವನನ್ನ ನೀನು ವಾಪಸ್ ಕಳಿಸಿದ್ಯಾ, ಇಲ್ಲಾ ಇವನೇ ಬಂದ ಕೆಲಸ ಮುಗಿಸ್ಕೊಂಡು ವಾಪಸ್ ಬಂದನಾ?"