ಮಂಗಳಿಗೆ ಸಮುದ್ರದ ದಡದಿಂದ ಫೋನು

ನಮ್ಮ ಮನೆಯ ಹಸು ಮಂಗಳಿ ನನ್ನ ಕೈಗೆ ಬಿಟ್ಟರೆ ಬೇರೆ ಯಾರ ಕೈಗೂ ಹಾಲು ಕೊಡುವುದಿಲ್ಲ. ಈ ಮಾತನ್ನು ಆರು ವರ್ಷದಿಂದ ಊರಿಗೆಲ್ಲ ನಾನೇ ಹೇಳಿಕೊಂಡು ಬಂದಿದ್ದೇನೆ. ನಿಜವೋ ಸುಳ್ಳೋ ಅಂತ ಯಾರೂ ಪರೀಕ್ಷೆ ಮಾಡಿರಲಿಲ್ಲ. ನಾನೂ ಮಾಡಿರಲಿಲ್ಲ. ಪರೀಕ್ಷೆ ಯಾಕೆ? ನನಗೆ ಗೊತ್ತಿತ್ತಲ್ಲ!

ಈ ಒಂದು ಮಾತಿನ ಬಲದಿಂದ ನಾನು ಎಷ್ಟೋ ಮದುವೆ, ನಾಮಕರಣ, ಗೃಹಪ್ರವೇಶ ತಪ್ಪಿಸಿಕೊಂಡಿದ್ದೇನೆ. ಯಾರಾದರೂ ಕರೆಯಲು ಬಂದರೆ, "ಹಸ ಐತೆ ಕಣಮ್ಮ, ಬರಕ್ಕಾಗಲ್ಲ" ಅಂದರೆ ಮುಗಿಯಿತು. ಎದುರು ಮಾತಿಲ್ಲ. ಸಾಯುವವರೆಗೂ ಇದೇ ನೆಪ ಸಾಕಾಗುತ್ತದೆ ಅಂದುಕೊಂಡಿದ್ದೆ.

ಹೋದ ದಸರೆಗೆ ಸಾಕಾಗಲಿಲ್ಲ.

ನಮ್ಮೂರು ದೇವನಹಳ್ಳಿ ಹತ್ತಿರ, ನಲ್ಲೂರಿನ ಹುಣಸೆ ತೋಪಿನಿಂದ ಆಚೆಗೆ. ಏರ್‌ಪೋರ್ಟು ಬಂದಾಗಿನಿಂದ ವಿಮಾನಗಳ ಹೊಟ್ಟೆ ನೋಡಿ ನೋಡಿ ನನಗೂ ಮಂಗಳಿಗೂ ಅಭ್ಯಾಸವಾಗಿದೆ. ಸೊಸೆ ಶೋಭಾ ಅಲ್ಲೇ ಒಂದು ವಿಮಾನದ ಕಂಪನಿಯಲ್ಲಿ ಟಿಕೆಟ್ ನೋಡುವ ಕೆಲಸದಲ್ಲಿದ್ದಾಳೆ. ವರ್ಷಕ್ಕೊಂದು ಸಲ ಮನೆಯವರೆಲ್ಲ ಹೋಗಿಬರಲಿ ಅಂತ ಕಂಪನಿಯವರು ಟಿಕೆಟು ಕೊಡುತ್ತಾರಂತೆ. ಮಗ ರಮೇಶ ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರು, ಅವನಿಗೆ ದಸರಾ ರಜ. ಅವನ ಮಗಳು ಚಿನ್ನಿ ಐದನೇ ಕ್ಲಾಸು, ಅವಳಿಗೂ ರಜ. ಒಂದು ಸಂಜೆ ನಾನು ಜಗಲಿಯಲ್ಲಿ ಹುರುಳಿ ಕೇರುತ್ತಿದ್ದಾಗ ಮೂವರೂ ಬಂದು ಸಾಲಾಗಿ ನಿಂತರು. ಸಾಲಾಗಿ ನಿಂತರೆ ಏನೋ ಇದೆ ಅಂತಲೇ ಅರ್ಥ.

"ಅತ್ತೆ, ಶ್ರೀಲಂಕಾಕ್ಕೆ ಹೋಗೋಣ" ಎಂದಳು ಶೋಭಾ. "ಐದು ದಿನ. ಸಮುದ್ರದ ಪಕ್ಕದಲ್ಲೇ ಹೋಟ್ಲು. ಸುಮ್ನೆ ಆರಾಮಾಗಿ ಕೂತಿದ್ದು ಬರೋಣ."

"ಕೂತ್ಕೊಳ್ಳೋಕೆ ಅಷ್ಟು ದೂರ ಯಾಕಮ್ಮ? ಜಗಲಿ ಇಲ್ವಾ?"

"ಜಗಲಿ ಮುಂದೆ ಸಮುದ್ರ ಇಲ್ವಲ್ಲ ಅಜ್ಜಿ" ಎಂದಳು ಚಿನ್ನಿ.

"ಮಂಗಳಿ ಐತೆ" ಎಂದೆ ನಾನು. ಇಲ್ಲಿಗೆ ಸಭೆ ಮುಗಿಯಬೇಕಿತ್ತು.

"ಮುನಿರಾಜಣ್ಣ ಕರ್ಕೊಡ್ತಾನಂತೆ ಕಣವ್ವ. ಕೇಳಿದೀನಿ" ಎಂದ ರಮೇಶ.

ಕೇಳಿಬಿಟ್ಟಿದ್ದಾನೆ! ಪಕ್ಕದ ಮನೆಯ ಮುನಿರಾಜನನ್ನು ನನ್ನ ಬೆನ್ನ ಹಿಂದೆ ಕೇಳಿಬಿಟ್ಟಿದ್ದಾನೆ. ಅಷ್ಟೇ ಅಲ್ಲ. ಬೇಸಿಗೆಯಲ್ಲಿ ಯಾವುದೋ ಕಾರ್ಡು ಮಾಡಿಸಬೇಕು ಅಂತ ಹೇಳಿ ನನ್ನನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಿದ್ದು ಪಾಸ್‌ಪೋರ್ಟಿಗೆ ಅಂತ ಆಗ ಗೊತ್ತಾಯಿತು. ಅವತ್ತು ಯಂತ್ರದ ಮೇಲೆ ಹತ್ತು ಬೆರಳು ಒತ್ತಿದರೂ ಒಂದು ಗೆರೆ ಬೀಳಲಿಲ್ಲ. ಐವತ್ತು ವರ್ಷ ಹಾಲು ಕರೆದು ಸವೆದುಹೋಗಿವೆ. ಆ ಹುಡುಗಿ ನನ್ನ ಕೈಯನ್ನು ನಾಲ್ಕು ಸಲ ಒರೆಸಿ ಒರೆಸಿ ಒತ್ತಿಸಿದಳು. ಇಷ್ಟು ಸೇವೆ ಯಾಕೆ ಅಂತ ನಾನಾದರೂ ಕೇಳಬೇಡವೇ? ಕೇಳಲಿಲ್ಲ.

ಮಂಗಳಿ ಕರು ಹಾಕಿ ಎರಡು ತಿಂಗಳಾಗಿತ್ತು. ಎರಡು ಹೊತ್ತೂ ಕ್ಯಾನಿನ ಮೈಗೆ ಬಿದ್ದಿದ್ದ ನೆಗ್ಗಿನವರೆಗೆ ಹಾಲು ಕೊಡುತ್ತಿತ್ತು. ಇಂಥ ಹೊತ್ತಿನಲ್ಲಿ ಹಸು ಬಿಗುಮಾನ ಮಾಡಿ ಸೊರೆ ಬಿಡದೆ ಹೋದರೆ, ಅಂದರೆ ಹಾಲನ್ನು ಕೆಚ್ಚಲಿಗೆ ಇಳಿಸದೆ ಬಿಗಿಹಿಡಿದರೆ, ಕೆಚ್ಚಲು ಬಾತು ಕಲ್ಲಾಗುತ್ತದೆ. ಒಂದು ಮೊಲೆ ಕೆಟ್ಟರೆ ಹಸು ಕೆಟ್ಟಂತೆಯೇ. ಇದು ತಮಾಷೆಯ ವಿಷಯ ಅಲ್ಲ. ಅದಕ್ಕೇ ನಾನು ಎರಡು ಷರತ್ತು ಹಾಕಿದೆ. ಒಂದು, ಮುನಿರಾಜ ನನ್ನ ಸೀರೆ ಉಟ್ಟುಕೊಂಡೇ ಹಾಲು ಕರೆಯಬೇಕು. ಎರಡು, ಕರೆಯುವಾಗ ಎರಡು ಹೊತ್ತೂ ಫೋನಿನಲ್ಲಿ ನನ್ನ ದನಿ ಮಂಗಳಿಯ ಕಿವಿಗೆ ಬೀಳಬೇಕು.

ಸೀರೆಯ ಉಪಾಯ ನಾನು ಕಂಡುಹಿಡಿದದ್ದಲ್ಲ. ನಮ್ಮತ್ತೆ ಬಾಣಂತನಕ್ಕೆ ಹೋದಾಗ ನಮ್ಮಾವ ಹೀಗೇ ಕರೆಯುತ್ತಿದ್ದರಂತೆ. ಹಸಿರು ಗೆರೆಯ ಹತ್ತಿ ಸೀರೆಯೊಂದನ್ನು ವಾಸನೆ ಕೂರಲಿ ಅಂತ ನಾಲ್ಕು ದಿನ ಒಗೆಯದೆ ಉಟ್ಟು, ಮಡಿಸಿ ತೆಗೆದುಕೊಂಡು ಹೋಗಿ ಮುನಿರಾಜನ ಕೈಗಿಟ್ಟೆ.

ಅವನು ಅದನ್ನು ದೂರ ಹಿಡಿದ. "ದೊಡ್ಡಮ್ಮ, ನಂಗೆ ಮೀಸೆ ಐತೆ."

"ಹಸ ಮೀಸೆ ನೋಡಲ್ಲ ಕಣೋ, ವಾಸ್ನೆ ನೋಡ್ತದೆ."

"ವಾಸ್ನೆ ಏನೋ ಐತೆ ಬಿಡಿ."

ಅವನ ಹೆಂಡತಿ ಜಯಮ್ಮ ಕಂಬ ಹಿಡಿದುಕೊಂಡು ನಗುತ್ತಿದ್ದಳು. "ಉಟ್ಕೊಳ್ಳಿ ಉಟ್ಕೊಳ್ಳಿ. ಮದ್ವೆಯಾದಾಗಿಂದ ನಂಗೊಂದು ಸೀರೆ ತಂದೋರಲ್ಲ, ನೀವಾದ್ರೂ ಉಡಿ!"

ಮುನಿರಾಜ ಒಂದೇ ಪ್ರಶ್ನೆ ಕೇಳಿದ. "ಡೈರಿಗೆ ಹೋಗುವಾಗ ಬಿಚ್ಚಬೋದಾ?"

"ಬಿಚ್ಚಬೋದು."

ಆಯುಧ ಪೂಜೆಯ ದಿನ ಹಾಲಿನ ಕ್ಯಾನು, ಮೇವು ಕತ್ತರಿಸುವ ಯಂತ್ರ, ರಮೇಶನ ಸ್ಕೂಟರು, ಎಲ್ಲಕ್ಕೂ ಕುಂಕುಮ ಇಟ್ಟು ಬೂದುಗುಂಬಳ ಒಡೆದ ಮೇಲೆ ಪರೀಕ್ಷೆ ನಡೆಸಿದೆವು. ಮುನಿರಾಜ ಸೀರೆ ಸುತ್ತಿಕೊಂಡು ಕೂತ. ನಾನು ಮಂಗಳಿಯ ಕತ್ತಿನ ಕೆಳಗಿನ ಗಂಗೆದೊಗಲು ತುರಿಸುತ್ತಾ ಪಕ್ಕದಲ್ಲೇ ನಿಂತೆ. ಹಾಲು ಬಂತು. "ನೋಡಿದ್ಯಾ, ಸೀರೆ ಮಹಿಮೆ!" ಎಂದೆ. ಕೊಟ್ಟಿಗೆ ಬಾಗಿಲಲ್ಲಿ ಅರ್ಧ ಊರು ನಿಂತಿತ್ತು. ಅವರು ಬಂದದ್ದು ಹಾಲು ನೋಡಲು ಅಲ್ಲ.

ಹೊರಟೆವು. ವಿಮಾನ ಮೇಲೆದ್ದಾಗ ಕಿಟಕಿಗೆ ಮೂಗು ಒತ್ತಿ ನಮ್ಮ ಕೊಟ್ಟಿಗೆ ಹುಡುಕಿದೆ. ಕಾಣಲಿಲ್ಲ. ಕೆಳಗೆಲ್ಲ ರಾಗಿ ಹೊಲ, ದ್ರಾಕ್ಷಿ ತೋಟ, ಲೇಔಟಿನ ಕಲ್ಲು. ಒಂದು ನಿದ್ದೆ ಮಾಡಿ ಏಳುವಷ್ಟರಲ್ಲಿ ಶ್ರೀಲಂಕಾ ಬಂತು. ಅಲ್ಲಿಯ ಗಡಿಯಾರವೂ ನಮ್ಮ ಗಡಿಯಾರವೂ ಒಂದೇ ಅಂತ ರಮೇಶ ಹೇಳಿದ. ಅದೊಂದು ಒಳ್ಳೆಯದಾಯಿತು, ಕರೆಯುವ ಹೊತ್ತಿನ ಲೆಕ್ಕ ತಪ್ಪುವುದಿಲ್ಲ.

ಸಮುದ್ರ ನೋಡಿದೆ. ನೀರು. ಬಹಳ ನೀರು. ಕುಡಿಯಲು ಬರುವುದಿಲ್ಲ, ಹೊಲಕ್ಕೆ ಬಿಡಲು ಬರುವುದಿಲ್ಲ, ದನದ ಮೈ ತೊಳೆಯಲು ಬರುವುದಿಲ್ಲ. ಅದರ ಮುಂದೆ ಉದ್ದನೆಯ ಕುರ್ಚಿಗಳಲ್ಲಿ ಬಿಳಿಯರು ರಾಗಿ ಹಪ್ಪಳದ ಹಾಗೆ ಒಂದು ಮಗ್ಗುಲು ಒಣಗಿದ ಮೇಲೆ ಇನ್ನೊಂದು ಮಗ್ಗುಲಿಗೆ ತಿರುಗುತ್ತಿದ್ದರು. ನನ್ನನ್ನೂ ಒಂದರಲ್ಲಿ ಮಲಗಿಸಿದರು. ಕೈಗೆ ಒಂದು ಎಳನೀರು ಕೊಟ್ಟರು.

"ಹೆಂಗೈತೆ ಅವ್ವಾ?" ಎಂದ ರಮೇಶ.

"ಮಲಗಿದೀನಿ ಕಣೋ."

"ಆರಾಮಾಗಿ?"

"ಮೊದ್ಲು ಟೈಮ್ ಎಷ್ಟು ಹೇಳು."

ಐದೂವರೆಗೆ ಚಿನ್ನಿ ಫೋನು ಹಚ್ಚಿ ಕೊಟ್ಟಳು. ಮುಖ ಕಾಣುವ ಫೋನು. ಆದರೆ ಅದರಲ್ಲಿ ಮುಖ ಕಾಣಲಿಲ್ಲ. ಕೊಟ್ಟಿಗೆಯ ಶೀಟು ಕಂಡಿತು, ಅದರ ಮೂಲೆಯಲ್ಲಿ ಒಂದು ಜೇಡರ ಬಲೆ ಕಂಡಿತು.

"ಹಸ ತೋರ್ಸೋ ಮುನಿರಾಜ!"

"ಎರಡು ಕೈನೂ ಕೆಚ್ಚಲಲ್ಲಿ ಐತೆ ದೊಡ್ಡಮ್ಮ, ಫೋನ್ ಯಾವ ಕೈಯಲ್ಲಿ ಹಿಡೀಲಿ? ನೀವು ಕೂಗಿ, ಕೇಳಿಸ್ತದೆ."

ನ್ಯಾಯವಾದ ಮಾತು. ಕೂಗಿದೆ. "ಬಾ ಮಂಗಳಿ, ಬಾರೇ ನನ್ನವ್ವ, ಸೊರೆ ಬಿಡೇ, ಬೋ ಬೋ ಬೋ!" ಸಮುದ್ರದ ಸದ್ದನ್ನು ಮೀರಿಸಬೇಕಲ್ಲ, ಗಂಟಲು ಬಿಟ್ಟೇ ಕೂಗಿದೆ. ಪಕ್ಕದ ಕುರ್ಚಿಯ ಗಂಡ ಹೆಂಡತಿ ಎದ್ದು ಕುರ್ಚಿ ಎತ್ತಿಕೊಂಡು ಹೋದರು. ಅದರಾಚೆಯವರೂ ಹೋದರು. ಶೋಭಾ ಮುಖಕ್ಕೆ ಟವೆಲ್ ಮುಚ್ಚಿಕೊಂಡು ನಿದ್ದೆ ಬಂದವಳ ಹಾಗೆ ಮಲಗಿದಳು. ಮಾರನೇ ದಿನ ಹೋಟೆಲಿನವರು ಬಹಳ ವಿನಯದಿಂದ ನನ್ನ ಕುರ್ಚಿಯನ್ನು ತೆಂಗಿನ ಸಾಲಿನ ಕೊನೆಗೆ ಹಾಕಿಕೊಟ್ಟರು. ಅಲ್ಲಿ ನಾನೂ ಬೋಟು ಕಟ್ಟುವ ಗೂಟವೂ ಇಬ್ಬರೇ. ದೊಡ್ಡವಳು ಅಂತ ಮರ್ಯಾದೆ ಕೊಟ್ಟರು ಎಂದುಕೊಂಡೆ.

ಮೂರನೇ ದಿನ ಸಂಜೆ ಫೋನು ಎತ್ತಲಿಲ್ಲ. ಹನ್ನೊಂದು ಸಲ ಮಾಡಿಸಿದೆ.

"ಚಾರ್ಜ್ ಇರಲ್ಲ ಬಿಡಿ ಅತ್ತೆ" ಎಂದಳು ಶೋಭಾ.

"ಮುನಿರಾಜನ್ನ ಒದ್ದಿರ್ತದೆ. ಇಲ್ಲಾ ಹಾಲು ಬಿಗಿಹಿಡ್ದೈತೆ. ಕೆಚ್ಚಲು ಬಾತಿರ್ತದೆ. ನೀನು ಇಲ್ಲಿ ಮೀನು ತಿನ್ಕೊಂಡಿರು!" ಎಂದೆ. ಅವಳು ತಟ್ಟೆ ಪಕ್ಕಕ್ಕೆ ಸರಿಸಿದಳು. ಅನ್ನಬಾರದಿತ್ತು. ಪಾಪ, ಊಟ ಅರ್ಧಕ್ಕೆ ಬಿಟ್ಟು ಎದ್ದುಹೋದಳು.

ಮರುದಿನ ಬೆಳಗಾಗುತ್ತಿದ್ದಂತೆ ಹಸು ಕೂಗುವುದು ಕೇಳಿಸಿತು. ಕಿವಿ ಭ್ರಮೆ ಅಂದುಕೊಂಡೆ. ಬಾಲ್ಕನಿಯಲ್ಲಿ ನಿಂತು ನೋಡಿದರೆ ಹೋಟೆಲಿನ ಹಿಂದೆ ತೆಂಗಿನ ಮರಕ್ಕೆ ನಿಜವಾದ ಹಸು ಕಟ್ಟಿದೆ. ಸಣ್ಣ ಕಪ್ಪು ಹಸು. ಕೆಚ್ಚಲು ಬಿಗಿದು ಹೊಳೆಯುತ್ತಿದೆ, ಒಂದೇ ಸಮ ಕೂಗುತ್ತಿದೆ, ಸುತ್ತ ಯಾರೂ ಇಲ್ಲ. ನನ್ನ ಕೈ ತುರಿಸತೊಡಗಿತು. ರೂಮಿನಲ್ಲಿ ಐಸು ಇಡಲು ಒಂದು ಸ್ಟೀಲಿನ ಬಕೆಟ್ ಇಟ್ಟಿದ್ದರು. ಅದನ್ನು ತೊಳೆದು ಹಿಡಿದುಕೊಂಡು ಇಳಿದೆ.

ಆ ಹಸು ನನ್ನ ಮುಖ ಕಂಡಿರಲಿಲ್ಲ, ನನ್ನ ದನಿ ಕೇಳಿರಲಿಲ್ಲ, ನನ್ನ ಭಾಷೆಯೂ ಅದಕ್ಕೆ ಬರುವುದಿಲ್ಲ. ಆದರೂ ಎರಡು ಸಲ ಕೆಚ್ಚಲು ಸವರಿದ್ದಕ್ಕೆ ಸೊರೆ ಬಿಟ್ಟಿತು! ಆಗಲೇ ನನಗೆ ಬುದ್ಧಿ ಬರಬೇಕಿತ್ತು. ಬರಲಿಲ್ಲ. ಎಲ್ಲಾ ನನ್ನ ಕೈಗುಣ ಅಂತ ಹಿಗ್ಗಿದೆ.

ಬಕೆಟ್ ಮುಕ್ಕಾಲು ತುಂಬಿತ್ತು. ಹಿಂದಿನಿಂದ "ತಿರುಡಿ! ತಿರುಡಿ!" ಅಂತ ಕೂಗು. ಸೂಲಿಬೆಲೆ ಸಂತೆಗೆ ಬರುವ ತಮಿಳು ವ್ಯಾಪಾರಿಗಳಿಂದ ನನಗೆ ಬೈಗುಳ ಅರ್ಥವಾಗುವಷ್ಟು ತಮಿಳು ಬರುತ್ತದೆ. ತಿರುಡಿ ಅಂದರೆ ಕಳ್ಳಿ. ನನ್ನದೇ ವಯಸ್ಸಿನ ಹೆಂಗಸು, ಕೈಯಲ್ಲಿ ತೆಂಗಿನ ಗರಿಯ ದಂಟು. ಹೋಟೆಲಿನ ಮ್ಯಾನೇಜರು ಟೈ ಕಟ್ಟಿಕೊಳ್ಳುತ್ತಾ ಓಡಿಬಂದ. ರಮೇಶ ಬನಿಯನ್ನಿನಲ್ಲೇ ಓಡಿಬಂದ. ಮೊನ್ನೆ ಕುರ್ಚಿ ಎತ್ತಿಕೊಂಡು ಹೋಗಿದ್ದ ಗಂಡ ಹೆಂಡತಿಯೂ ಬಂದರು. ಅವರಿಗೆ ಯಾಕೆ ಬೇಕಿತ್ತೋ!

ನಾನು ಹೆದರಲಿಲ್ಲ. ಅರ್ಧ ತಮಿಳು ಅರ್ಧ ಕನ್ನಡದಲ್ಲಿ ಅವಳಿಗೇ ಬುದ್ಧಿ ಹೇಳಿದೆ. ಕೆಚ್ಚಲು ಹೀಗೆ ಬಿಗಿಯುವವರೆಗೂ ಬಿಡುತ್ತಾರೇನು, ಹಸು ಕಟ್ಟುವವರ ಲಕ್ಷಣವೇ ಇದು ಎಂದೆ.

ಅವಳು ದಂಟು ಕೆಳಗಿಟ್ಟು ಸೊಂಟದ ಮೇಲೆ ಕೈಯಿಟ್ಟುಕೊಂಡಳು. ಕರುವಿಗೆ ಎರಡು ದಿನದಿಂದ ಮೈ ಸರಿಯಿಲ್ಲವಂತೆ, ಅದು ಹೊಟ್ಟೆ ತುಂಬ ಕುಡಿಯಲಿ ಅಂತ ಬೆಳಗಿನ ಹಾಲು ಪೂರ್ತಿ ಉಳಿಸಿದ್ದಳಂತೆ. ಅದನ್ನು ಬಿಚ್ಚಿ ತರಲು ಹೋಗಿಬರುವಷ್ಟರಲ್ಲಿ ನಾನು ದೋಚಿದ್ದೇನೆ. ಕೊನೆಗೆ ಅವಳು ಕೇಳಿದ ಮಾತು ಚೆನ್ನಾಗಿ ಅರ್ಥವಾಯಿತು. "ಏ ಮುದುಕಿ, ಹುಟ್ಟಿದ ಮೇಲೆ ಯಾವತ್ತಾದರೂ ಹಸು ಸಾಕಿದ್ದೀಯಾ?"

ಐವತ್ತು ವರ್ಷದ ಸರ್ವೀಸು! ಬಕೆಟ್ ಎತ್ತಿಕೊಂಡೆ.

ಅವಳ ಹಿಂದೆ ಬಂದಿದ್ದ ಕರು ಸೊರಗಿ ನಿಂತಿತ್ತು. ಅಲ್ಲೇ ಮರಳಲ್ಲಿ ಕೂತು, ಬೆರಳನ್ನು ಹಾಲಿನಲ್ಲಿ ಅದ್ದಿ ಅದರ ಬಾಯಿಗೆ ಕೊಟ್ಟು, ಬೆರಳು ಚೀಪುತ್ತಾ ಚೀಪುತ್ತಾ ಮೂತಿ ಬಕೆಟ್ಟಿಗೆ ಇಳಿಯುವ ಹಾಗೆ ಮಾಡಿ ಪೂರ್ತಿ ಕುಡಿಸಿದೆ. ಆ ಹೆಂಗಸು ನೋಡುತ್ತಿದ್ದಳು. ಕೊನೆಗೆ "ಪರವಾಯಿಲ್ಲ" ಎಂಬಂತೆ ಕತ್ತು ಆಡಿಸಿದಳು. ಇಡೀ ಪ್ರವಾಸದಲ್ಲಿ ನನಗೆ ಸಿಕ್ಕಿದ ಮರ್ಯಾದೆ ಅದೊಂದೇ. ಮ್ಯಾನೇಜರು ಬಕೆಟ್ಟನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಹೋದ.

"ಅವ್ವಾ, ಇಲ್ಲಿಗೆ ಜನ ಹಾಲು ಕರೆಯೋಕೆ ಬರಲ್ಲ" ಎಂದ ರಮೇಶ.

"ಗೊತ್ತು ಕಣೋ. ಒಣಗೋಕೆ ಬರ್ತಾರೆ."

ಐದನೇ ದಿನ ಸಂಜೆ ಊರಿಗೆ ಬಂದೆವು. ಸರಿಯಾಗಿ ಕರೆಯುವ ಹೊತ್ತು. ಬರುವ ದಾರಿಯಲ್ಲೇ ನಮ್ಮ ರಾಗಿ ಹೊಲದ ನಡುವೆ ಒಬ್ಬ ಹೆಂಗಸು ಎರಡು ಕೈ ಚಾಚಿಕೊಂಡು ನಿಂತಿದ್ದಳು. ಹಸಿರು ಗೆರೆಯ ಸೀರೆ. ತಲೆಗೆ ಮಡಕೆ.

"ಅಜ್ಜಿ, ನಿಮ್ಮ ಸೀರೆ!" ಎಂದಳು ಚಿನ್ನಿ.

ಬೆದರುಬೊಂಬೆಗೆ ಉಡಿಸಿದ್ದಾರೆ! ರಾಗಿ ತೆನೆ ಹಾಲು ತುಂಬುವ ಕಾಲ, ಹಕ್ಕಿಯ ಕಾಟ. ಒಂದು ಹಕ್ಕಿಯೂ ಹತ್ತಿರ ಸುಳಿಯುತ್ತಿರಲಿಲ್ಲ. ವಾಸನೆ ಕೆಲಸ ಮಾಡುತ್ತಿತ್ತು.

ಬ್ಯಾಗು ಅಲ್ಲೇ ಹಾಕಿ ಕೊಟ್ಟಿಗೆಗೆ ಓಡಿದೆ. ಮುನಿರಾಜ ತನ್ನ ಖಾಕಿ ಅಂಗಿಯಲ್ಲಿ, ಕಿವಿಗೆ ಬೀಡಿ ಸಿಕ್ಕಿಸಿಕೊಂಡು ಕೂತು ಸರ್ ಸರ್ ಅಂತ ಹಾಲು ಕರೆಯುತ್ತಿದ್ದ. ಮಂಗಳಿ ಕಣ್ಣು ಅರ್ಧ ಮುಚ್ಚಿ ಮೆಲುಕು ಹಾಕುತ್ತಿತ್ತು. ಅದೇ ನೋಡಿ, ಆರಾಮ ಅಂದರೆ!

"ಸೀರೆ ಎಲ್ಲೋ?" ಎಂದೆ.

"ಮೊದಲ್ನೇ ದಿನಾನೇ ತೊಡರಿಕೊಂಡು ಬಿದ್ದೆ ದೊಡ್ಡಮ್ಮ. ಬಿಚ್ಚಾಕಿ ಕೂತೆ. ಅದೇನೂ ಅನ್ಲಿಲ್ಲ."

"ಫೋನು?"

ಅವನು ತಲೆ ಕೆರೆದುಕೊಂಡ. ಜಯಮ್ಮ ಹೇಳಿದಳು. "ನೀವು ಕೂಗಿದ್ರೆ ಹಸ ಬೆಚ್ಚಿ ಹಾಲು ಏರಿಸ್ಕೊಳ್ತಿತ್ತು ದೊಡ್ಡಮ್ಮ. ಅದಕ್ಕೇ ಫೋನ್ ದೂರ ತಗೊಂಡೋಗಿ ಮೂಲೆಲಿರೋ ನೀರಿನ ತೊಟ್ಟಿ ಕಟ್ಟೆ ಮೇಲೆ ಮಲಗಿಸ್ತಿದ್ವಿ. ಆಮೇಲಾಮೇಲೆ ಎತ್ತೋದೇ ಬಿಟ್ವಿ."

ಕ್ಯಾನು ಬಗ್ಗಿ ನೋಡಿದೆ. ಹಾಲು ನೆಗ್ಗಿನಿಂದ ಎರಡು ಬೆರಳು ಮೇಲಿತ್ತು.

ಶೋಭಾ ಒಳ್ಳೆಯವಳು. ಒಳಗೆ ಹೋಗಿ ನಕ್ಕಳು.

ಮಾರನೇ ಬೆಳಿಗ್ಗೆ ನಾನು ನನ್ನ ಒಳ್ಳೆಯ ಸೀರೆ ಉಟ್ಟು, ನನ್ನ ಕೈಯಿಂದ, ನನ್ನ ದನಿಯಿಂದ ಮಂಗಳಿಯನ್ನು ಕರೆಯಲು ಕೂತೆ. ಅದು ತಿರುಗಿ ನನ್ನನ್ನು ನೋಡಿತು. ಆಮೇಲೆ ಮುನಿರಾಜನ ಮನೆಯ ಕಡೆ ನೋಡಿತು. ಆಮೇಲೆ ಪಾತ್ರೆ ಒದೆಯಿತು. ಒಂದು ತೊಟ್ಟು ಇಳಿಸಲಿಲ್ಲ. ಡೈರಿಯವರು ಬಾಗಿಲು ಹಾಕುವ ಹೊತ್ತಾಗುತ್ತಿತ್ತು. ಕೆಚ್ಚಲು ಬಾತರೆ ಗತಿಯೇನು? ಐದು ದಿನ ಯಾವುದಕ್ಕೆ ಹೆದರಿದ್ದೆನೋ ಅದು ನಾನು ಬಂದ ಮೇಲೆ ಆಗುವ ಹಾಗಿತ್ತು!

ಬೇಲಿಯ ಹತ್ತಿರ ಹೋಗಿ ನಿಂತೆ. "ಜಯಮ್ಮ, ಆ ಖಾಕಿ ಅಂಗಿ ಒಗ್ದಿದೀಯಾ?"

"ಇಲ್ಲ ದೊಡ್ಡಮ್ಮ, ಈಗ ನೆನೆಹಾಕ್ತೀನಿ."

"ಬೇಡ. ಹಂಗೇ ಕೊಡು."

ಇವತ್ತಿಗೂ ಸೀರೆಯ ಮೇಲೆ ಮುನಿರಾಜನ ಆ ಅಂಗಿ ತೊಟ್ಟುಕೊಂಡೇ ಹಾಲು ಕರೆಯುತ್ತೇನೆ. ಡೈರಿಗೆ ಹೋಗುವಾಗ ಬಿಚ್ಚುತ್ತೇನೆ.